ಇಲ್ಲದ ಪಿಸ್ಟನ್ನುಗಳ ಕಳವು

ನಮ್ಮ ಭಾವ ಕಣ್ಣು ಪರೀಕ್ಷೆ ಮಾಡುವವರು. ಅವರದೇ ಒಂದು ಕನ್ನಡಕದ ಅಂಗಡಿಯಿದೆ. ಅದರ ಹಿಂದಿನ ಕತ್ತಲೆ ಕೋಣೆಯಲ್ಲಿ ಎತ್ತರದ ಕುರ್ಚಿಯೊಂದಿದೆ. ಅದರ ಮೇಲೆ ಕೂತವರ ಮೂಗಿಗೆ ಭಾವ ಭಾರವಾದ ಚೌಕಟ್ಟೊಂದನ್ನು ಏರಿಸಿ, ಒಂದೊಂದೇ ಗಾಜು ಬದಲಾಯಿಸುತ್ತ, "ಇದು ಚೆನ್ನಾಗಿದೆಯೋ, ಅದು ಚೆನ್ನಾಗಿತ್ತೋ?" ಎಂದು ಕೇಳುತ್ತಾರೆ. ವರ್ಷಗಟ್ಟಲೆ ಇದನ್ನೇ ಕೇಳಿ ಕೇಳಿ ಅವರಿಗೆ ಬೇರೆ ಯಾವ ರೀತಿಯಲ್ಲೂ ಯೋಚಿಸಲು ಬರುವುದಿಲ್ಲ. ಊಟಕ್ಕೆ ಕೂತರೆ ಒಂದು ತುತ್ತು ತಿಂದು, ಉಪ್ಪು ಹಾಕಿಸಿಕೊಂಡು, ಇನ್ನೊಂದು ತುತ್ತು ತಿಂದು, "ಮೊದಲಿನದೇ ವಾಸಿಯೇನೋ" ಎನ್ನುತ್ತಾರೆ.

"ಮೊದಲಿಂದು ಹೊಟ್ಟೆಗೆ ಹೋಯ್ತು. ಇದನ್ನ ತಿನ್ನಿ" ಎನ್ನುತ್ತಾಳೆ ಅಕ್ಕ.

ನಾನು ಅಕ್ಕನ ತಮ್ಮ. ಅವರ ಮನೆಯ ಮಹಡಿಯ ಕೋಣೆಯಲ್ಲಿರುತ್ತೇನೆ, ಭಾವನ ಅಂಗಡಿಯಲ್ಲಿ ಫ್ರೇಮಿಗೆ ಗಾಜು ಕೂರಿಸುತ್ತೇನೆ. ಹೀಗಾಗಿ ಗಂಡ ಹೆಂಡಿರ ಯಾವ ಜಗಳವಾದರೂ ಇಬ್ಬರ ಕಡೆಯ ಸಾಕ್ಷಿಯೂ ನಾನೇ. ಈ ಕಾರಿನ ಪ್ರಕರಣದಲ್ಲೂ ಹಾಗೇ ಆಯಿತು.

ಒಂದು ದಿನ ನಿವೃತ್ತ ಪೈಲಟ್ ಒಬ್ಬರು ಆ ಎತ್ತರದ ಕುರ್ಚಿಯ ಮೇಲೆ ಬಂದು ಕೂತರು. ಗೋಡೆಯ ಮೇಲಿನ ಅತಿ ದೊಡ್ಡ ಅಕ್ಷರವೂ ಅವರಿಗೆ ಕಾಣಲಿಲ್ಲ. ಅವರಿಗೆ ಗೋಡೆಯಾದರೂ ಕಂಡಿತ್ತೇ ಎಂದು ನನಗೆ ಅನುಮಾನವಿದೆ.

"ಸಾರ್, ಇನ್ಮೇಲೆ ನೀವು ಕಾರು ಓಡಿಸಕೂಡದು" ಎಂದರು ಭಾವ.

"ಹಾಗಾದ್ರೆ ನನ್ನ ಕಾರು?" ಎಂದರು ಮುದುಕರು. ಆ ದನಿಯಲ್ಲಿ ಮಗಳನ್ನು ಯಾರಿಗೆ ಕೊಡಲಿ ಎಂದು ಕೇಳುವ ಅಪ್ಪನ ಸಂಕಟವಿತ್ತು.

ಯಾವ ಕಾರು ಎಂದು ಭಾವ ಕೇಳಬಾರದಿತ್ತು. ಕೇಳಿದರು. ಓಡಿಸಕೂಡದು ಎಂದವರೂ ಭಾವನೇ, ಕೊನೆಗೆ ಕೊಂಡವರೂ ಭಾವನೇ. ಇದರಲ್ಲಿ ತಪ್ಪೇನಾದರೂ ಇದೆಯೇ ಎಂದು ಅವರು ಆಮೇಲೆ ನನ್ನನ್ನು ಎಷ್ಟೋ ಸಲ ಕೇಳಿದ್ದಾರೆ. ಸಂಬಳ ಕೊಡುವವರಿಗೆ ನಾನು ಏನು ಹೇಳಲಿ?

ಪೈಲಟ್ ಮನೆಯ ಕೆಲಸದವನು ಕಾರನ್ನು ತಂದು ನಮ್ಮ ಮನೆಯ ಪಕ್ಕದ ಶೆಡ್ಡಿನಲ್ಲಿ ನಿಲ್ಲಿಸಿ ಹೋದ. ಹಳದಿ ಬಣ್ಣ, ಎರಡೇ ಬಾಗಿಲು, ಮೊಣಕಾಲಿಗಿಂತ ಸ್ವಲ್ಪ ಎತ್ತರ. ಬೇರೆ ಕಾರುಗಳಲ್ಲಿರುವಂತೆ ಇದರ ಇಂಜಿನ್ನಿನಲ್ಲಿ ಮೇಲೆ ಕೆಳಗೆ ಓಡಾಡುವ ಪಿಸ್ಟನ್ನುಗಳಿಲ್ಲ. ಉಬ್ಬಿದ ತ್ರಿಕೋನದಂಥ ಎರಡು ಬಿಲ್ಲೆಗಳು ತಮ್ಮ ತಮ್ಮ ಗೂಡಿನಲ್ಲಿ ಗಿರಗಿರ ಸುತ್ತುತ್ತವೆ. ಸಾಲದ್ದಕ್ಕೆ ಟರ್ಬೋ ಎಂಬ ಯಂತ್ರವೊಂದು ಒಳಗೆ ಇನ್ನಷ್ಟು ಗಾಳಿ ತುರುಕಿ ಹುಚ್ಚು ಕುದುರೆಯ ವೇಗ ಕೊಡುತ್ತದೆ. ನನಗೆ ಇಷ್ಟು ತಿಳಿದದ್ದು ಭಾವ ಇದನ್ನು ಅಂಗಡಿಗೆ ಬಂದವರಿಗೆಲ್ಲ ಹೇಳುತ್ತಿದ್ದರಿಂದ. ಕಣ್ಣಿಗೆ ಔಷಧಿ ಹಾಕಿಸಿಕೊಂಡು, ಪಾಪೆ ಹಿಗ್ಗುವವರೆಗೆ ಕದಲದೆ ಕೂರಬೇಕಾದವರಿಗಂತೂ ಪೂರ್ತಿ ವಿವರ ಸಿಗುತ್ತಿತ್ತು.

ದಿನಾ ಬೆಳಿಗ್ಗೆ ಬೀದಿಯ ಜನ ಕೆಲಸಕ್ಕೆ ಹೊರಡುವ ಹೊತ್ತು ನೋಡಿಕೊಂಡು ಭಾವ ಶೆಡ್ಡಿನ ಬಾಗಿಲು ತೆರೆಯುತ್ತಿದ್ದರು. ಬಾವಿಗೆ ಇಳಿದ ಹಾಗೆ ಕಾರಿಗೆ ಇಳಿಯುತ್ತಿದ್ದರು. ಕೀ ತಿರುಗಿಸಿದರೆ ಇಡೀ ಬೀದಿಯ ಕಿಟಕಿ ಗಾಜುಗಳು ಝಣಝಣ ಎನ್ನುತ್ತಿದ್ದವು. ದಾರಿಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು. ಭಾವ ಗಂಭೀರವಾಗಿ ತಲೆಯಾಡಿಸಿ, ಇಂಜಿನ್ ಆರಿಸಿ, ಬಾಗಿಲಿಗೆ ಬೀಗ ಹಾಕಿ, ನಡೆದುಕೊಂಡು ಅಂಗಡಿಗೆ ಹೋಗುತ್ತಿದ್ದರು.

"ಓಡಿಸೋದಿಲ್ವಾ ಭಾವ?" ಎಂದು ಒಮ್ಮೆ ಕೇಳಿದೆ.

"ಇಂಜಿನ್ನಿಗೆ ಈ ಜಾಗ ಸ್ವಲ್ಪ ಒಗ್ಗಲಿ" ಎಂದರು.

ಆ ಶೆಡ್ಡು ಅಕ್ಕನಿಗೆ ಬೇಕಾಗಿತ್ತು. ಅಕ್ಕ ಕಿಟಕಿ, ಬಾಗಿಲುಗಳಿಗೆ ಪರದೆ ಹೊಲಿಯುತ್ತಾಳೆ. ಪರದೆ ಬಟ್ಟೆಯನ್ನು ಉದ್ದಕ್ಕೆ ಹಾಸಿ ಕತ್ತರಿಸಬೇಕು. ಹಾಸಲು ಮನೆಯಲ್ಲಿ ಮಂಚ ಬಿಟ್ಟರೆ ಬೇರೆ ಜಾಗವಿಲ್ಲ. ಒಮ್ಮೆ ಬಟ್ಟೆಯ ಜೊತೆ ಕೆಳಗಿದ್ದ ಹಾಸಿಗೆಯ ಹೊದಿಕೆಯೂ ಕತ್ತರಿಗೆ ಸಿಕ್ಕಿ, ಅದರ ಅರ್ಧ ಭಾಗ ಯಾವುದೋ ದಂತವೈದ್ಯರ ಕಿಟಕಿಯಲ್ಲಿ ಇವತ್ತಿಗೂ ನೇತಾಡುತ್ತಿದೆ. ಹೀಗಿರುವಾಗ ಹೊಸ ಲಾಡ್ಜಿನ ಯಜಮಾನರೊಬ್ಬರು ಅಷ್ಟೂ ಕೋಣೆಗಳ ಪರದೆಯ ಕೆಲಸ ಅಕ್ಕನಿಗೇ ಕೊಡುತ್ತೇನೆಂದರು. ಆದರೆ ಒಂದು ಮಾತು ಸೇರಿಸಿದರು.

"ಭಾನುವಾರ ಬೆಳಿಗ್ಗೆ ಬಂದು ಕೆಲಸದ ಜಾಗ ನೋಡ್ತೀನಮ್ಮ. ಮಂಚದ ಮೇಲೆ ಕತ್ತರಿಸೋರಿಗೆ ನಾನು ಕೆಲಸ ಕೊಡೋನಲ್ಲ."

ಅಕ್ಕ ಇಂಥ ಕೆಲಸಕ್ಕಾಗಿ ವರ್ಷಗಳಿಂದ ಕಾದಿದ್ದಳು. ಶೆಡ್ಡಿನಲ್ಲಿ ಎಲ್ಲಿ ಮೇಜು, ಎಲ್ಲಿ ಎರಡನೆಯ ಮಿಷನ್ನು ಎಂದು ಕಣ್ಣಳತೆಯಲ್ಲೇ ಲೆಕ್ಕ ಹಾಕಿದ್ದಳು. ಅವಳ ಲೆಕ್ಕದ ನಟ್ಟನಡುವೆ ಆ ಹಳದಿ ಕಾರು ಕಾಲು ಚಾಚಿ ಮಲಗಿತ್ತು.

ಅದೇ ವಾರ ಕಾರಿಗೆ ಕಾಯಿಲೆ ಶುರುವಾಯಿತು. ಮೊದಲು ಸ್ಟಾರ್ಟ್ ಆಗುವಾಗ ಕೆಮ್ಮಿತು. ಮಾರನೆಯ ದಿನ ಮುಗ್ಗರಿಸಿತು. ಅದರ ಮಾರನೆಯ ದಿನ ಗಡಗಡ ನಡುಗಿ ತಾನಾಗಿಯೇ ಆರಿಹೋಯಿತು. ಬೀದಿಯ ಜನ ನಿಂತು ನೋಡುತ್ತಿದ್ದರಲ್ಲ, ಅವರು ಇನ್ನೂ ಸ್ವಲ್ಪ ಹೊತ್ತು ನಿಂತು ನೋಡಿದರು.

"ಇಗ್ನಿಷನ್ ತೊಂದರೆ" ಎಂದು ಭಾವ ಘೋಷಿಸಿದರು. "ಕಿಡಿ ಸರಿಯಾಗಿ ಬರ್ತಾ ಇಲ್ಲ. ಪರೀಕ್ಷೆ ಮಾಡಬೇಕು."

"ಭಾನುವಾರದವರೆಗೆ ಮಾಡಿ" ಎಂದಳು ಅಕ್ಕ. "ಅವತ್ತು ಬೆಳಿಗ್ಗೆ ಗುಜರಿಯವನಿಗೆ ಬರೋಕೆ ಹೇಳಿದೀನಿ. ಅಷ್ಟರೊಳಗೆ ನಿಮ್ಮ ಕಾರು ತಾನಾಗೇ ಸ್ಟಾರ್ಟ್ ಆಗಿ ಹೊರಗೆ ಬಂದ್ರೆ ಶೆಡ್ಡು ಅದಕ್ಕೇ ಇರ್ಲಿ. ನಾನು ಲಾಡ್ಜಿನವರಿಗೆ ಆಗಲ್ಲ ಅಂತ ಹೇಳ್ತೀನಿ. ಬರ್ಲಿಲ್ವೋ, ಹಗ್ಗ ಕಟ್ಟಿ ಎಳೆಸ್ತೀನಿ."

ಎದುರು ಮನೆಯ ನಿವೃತ್ತ ಹೆಡ್‌ಮಾಸ್ತರು ಆಗ ಗೇಟಿನ ಹತ್ತಿರವೇ ಇದ್ದರು. ಅವರು ಸದಾ ಯಾರದಾದರೂ ಗೇಟಿನ ಹತ್ತಿರವೇ ಇರುತ್ತಾರೆ. "ಈ ಒಪ್ಪಂದಕ್ಕೆ ನಾನು ಸಾಕ್ಷಿ" ಎಂದು ಕೈಯೆತ್ತಿದರು. ಯಾರೂ ಕೇಳಿರಲಿಲ್ಲ.

ಭಾವ ಪರೀಕ್ಷೆ ಆರಂಭಿಸಿದರು. ಆ ಇಂಜಿನ್ನಿನ ಒಂದೊಂದು ಗೂಡಿಗೂ ಎರಡೆರಡು ಸ್ಪಾರ್ಕ್ ಪ್ಲಗ್ಗು. ಕೆಳಗಿನದು ಮೊದಲು ಕಿಡಿ ಹಾರಿಸುತ್ತದೆ, ಮೇಲಿನದು ಅದರ ಬೆನ್ನ ಹಿಂದೆಯೇ. ಭಾವನಿಗೆ ಇದನ್ನು ನೋಡಿ ಬಹಳ ಸಂತೋಷವಾಯಿತು.

"ಎರಡು ಗೂಡು ಅಂದ್ರೆ ಎರಡು ಕಣ್ಣು ಇದ್ದ ಹಾಗೆ ಕಣೋ. ಒಂದನ್ನ ಮುಚ್ಚು, ಇನ್ನೊಂದನ್ನ ನೋಡು. ಅಷ್ಟೇ ತಾನೆ?"

ಎಡಗಣ್ಣಿನ ವೈರು ಕಿತ್ತು, ಸ್ಟಾರ್ಟ್ ಮಾಡಿ, ಆಲಿಸಿ, ಆರಿಸಿದರು. ಬಲಗಣ್ಣಿನ ವೈರು ಕಿತ್ತು, ಸ್ಟಾರ್ಟ್ ಮಾಡಿ, ಆಲಿಸಿ, ಆರಿಸಿದರು. ಒಬ್ಬರ ಕಿವಿ ಸಾಲದೆಂದು ಗೇಟಿನ ಹೊರಗೆ ಹೆಡ್‌ಮಾಸ್ತರನ್ನೂ ಪಕ್ಕದ ಮೂಲೆಯ ಇಸ್ತ್ರಿಯವನನ್ನೂ ನಿಲ್ಲಿಸಿದರು.

"ಇದು ಚೆನ್ನಾಗಿದೆಯೋ, ಅದು ಚೆನ್ನಾಗಿತ್ತೋ?"

"ಅದಕ್ಕೆ ನಲವತ್ತು ಅಂಕ ಕೊಟ್ಟಿದ್ದೆ. ಇದಕ್ಕೆ ಮೂವತ್ತೈದು. ಪಾಸು, ಆದರೆ ಹೇಳಿಕೊಳ್ಳೋ ಹಾಗಿಲ್ಲ" ಎಂದರು ಹೆಡ್‌ಮಾಸ್ತರು.

"ನನಗೆ ಎರಡೂ ಗುರ್ ಅಂದಂಗೇ ಕೇಳ್ತು ಸ್ವಾಮಿ" ಎಂದ ಇಸ್ತ್ರಿಯವನು.

ಕಿಡಿಗೆ ಕರೆಂಟು ಕೊಡುವ ಕಾಯಿಲ್ ಬದಲಾಯಿಸಿದರು, ಸ್ಟಾರ್ಟ್, ಆಫ್. ವೈರು ಬದಲಾಯಿಸಿದರು, ಸ್ಟಾರ್ಟ್, ಆಫ್. ಪ್ಲಗ್ಗು ಬಿಚ್ಚಿ ನೋಡಿದರೆ ಕಪ್ಪಗೆ, ಪೆಟ್ರೋಲಿನಲ್ಲಿ ಅದ್ದಿ ತೆಗೆದಂತೆ ಒದ್ದೆ. ಒರೆಸಿ, ಇಂಜಿನ್ನಿನ ಲೋಹಕ್ಕೆ ತಾಗಿಸಿ ಹಿಡಿದು ನೋಡಿದರೆ ನೀಲಿ ಕಿಡಿ ಚಟಾರನೆ ಹಾರುತ್ತಿತ್ತು. ಕಿಡಿ ಇದೆ, ಕಾರು ಇಲ್ಲ. ಹೀಗೆ ಪರೀಕ್ಷೆ ಮಾಡಿದಷ್ಟೂ ರೋಗಿ ಸೊರಗುತ್ತಿತ್ತು. ಹೆಡ್‌ಮಾಸ್ತರ ಅಂಕಗಳು ಮೂವತ್ತೈದರಿಂದ ಹನ್ನೆರಡಕ್ಕೆ ಇಳಿದವು.

ಆಗ ಭಾವನಿಗೆ ಇನ್ನೊಬ್ಬರ ಅಭಿಪ್ರಾಯವೂ ಬೇಕು ಎನ್ನಿಸಿ ಲಾರಿ ಮೆಕ್ಯಾನಿಕ್ ಒಬ್ಬನನ್ನು ಕರೆಸಿದರು. ಅವನು ಬಂದವನೇ ಬಾನೆಟ್ ಎತ್ತಿ, ಪ್ಲಗ್ಗು ಬಿಚ್ಚಿ, ಆ ತೂತಿನೊಳಗೆ ಉದ್ದನೆಯ ಕಡ್ಡಿಯೊಂದನ್ನು ಇಳಿಬಿಟ್ಟ. ಪಿಸ್ಟನ್ನು ಮೇಲೆ ಬಂದಾಗ ಕಡ್ಡಿಯೂ ಮೇಲೆ ಬರುತ್ತದೆ. ಲಾರಿಯಲ್ಲಿ ಹಾಗೆಯೇ ನೋಡುವುದಂತೆ. ಇಂಜಿನ್ನನ್ನು ಕೈಯಲ್ಲೇ ತಿರುಗಿಸಿ ತಿರುಗಿಸಿ ನೋಡಿದ. ಕಡ್ಡಿ ಇದ್ದಲ್ಲೇ ಇತ್ತು. ಇನ್ನೊಂದು ತೂತು ನೋಡಿದ, ಮತ್ತೊಂದು ನೋಡಿದ. ಕೊನೆಗೆ ಕೈ ಒರೆಸಿಕೊಂಡು, ಆಪರೇಷನ್ ಕೋಣೆಯಿಂದ ಹೊರಬಂದ ಡಾಕ್ಟರಂತೆ ಭಾವನ ಹೆಗಲ ಮೇಲೆ ಕೈಯಿಟ್ಟ.

"ಧೈರ್ಯ ತಗೊಳ್ಳಿ ಸಾರ್. ಒಳಗೆ ಪಿಸ್ಟನ್ನೇ ಇಲ್ಲ."

"ಗೊತ್ತು" ಎಂದರು ಭಾವ.

"ಗೊತ್ತಾ? ಯಾವಾಗ ಹೋದ್ವು?"

"ಹೋಗಿಲ್ಲ ಮಾರಾಯ. ಇದಕ್ಕೆ ಪಿಸ್ಟನ್ ಇರೋದೇ ಇಲ್ಲ. ತ್ರಿಕೋನ ತಿರುಗತ್ತೆ."

ಮೆಕ್ಯಾನಿಕ್ಕು ನನ್ನ ಕಡೆ ತಿರುಗಿ ಮೆಲ್ಲಗೆ, "ಮನೇಲಿ ಯಾರಾದ್ರೂ ದೊಡ್ಡೋರು ಇದಾರಾ?" ಎಂದ.

ಇಸ್ತ್ರಿಯವನು ಇದನ್ನು ಕೇಳಿಸಿಕೊಂಡಿದ್ದ. ಅವನ ಬಳಿ ಇಡೀ ಬೀದಿಯ ಬಟ್ಟೆ ಬರುತ್ತದೆ, ಇಡೀ ಬೀದಿಯ ಬಟ್ಟೆ ಮನೆಮನೆಗೆ ಹೋಗುತ್ತದೆ. ಸಂಜೆಯ ಹೊತ್ತಿಗೆ ಗರಿಗರಿ ಅಂಗಿಗಳ ಜೊತೆ ಸುದ್ದಿಯೂ ಬಿಸಿಬಿಸಿಯಾಗಿ ಎಲ್ಲ ಮನೆ ತಲುಪಿತು: ಕನ್ನಡಕದ ಅಂಗಡಿಯವರ ಕಾರಿನಿಂದ ಪಿಸ್ಟನ್ನುಗಳು ಕಳುವಾಗಿವೆ.

ಜನ ಸಮಾಧಾನ ಹೇಳಲು ಬಂದರು. "ಹೋಗ್ಲಿ ಬಿಡಿ, ಪ್ರಾಣಕ್ಕೇನೂ ಆಗ್ಲಿಲ್ವಲ್ಲ" ಎಂದರು. ಭಾವ ಒಬ್ಬೊಬ್ಬರಿಗೂ ತ್ರಿಕೋನದ ವಿಷಯ ವಿವರಿಸಿದರು. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಪಾಪ, ಆಘಾತ ಜಾಸ್ತಿಯಾಗಿದೆ ಎಂದು ಗೊಣಗುತ್ತ ಹೋದರು. ದೂರದೂರಿನಿಂದ ನಮ್ಮ ದೊಡ್ಡಮ್ಮ ಫೋನ್ ಮಾಡಿ ಅತ್ತರು. "ಹೋದದ್ದು ಹೋಯ್ತಮ್ಮ. ಮನೇಲಿ ಉಳಿದಿರೋ ಪಿಸ್ಟನ್ನುಗಳನ್ನಾದ್ರೂ ಬೀರುವಿನಲ್ಲಿಟ್ಟು ಬೀಗ ಹಾಕು" ಎಂದು ಅಕ್ಕನಿಗೆ ಬುದ್ಧಿ ಹೇಳಿದರು. ಬೀದಿಯ ಕಾರುಗಳಿಗೆಲ್ಲ ರಾತ್ರೋರಾತ್ರಿ ಸರಪಳಿ ಬಿತ್ತು.

ಹೆಡ್‌ಮಾಸ್ತರಿಗೆ ನಾಗರಿಕ ಪ್ರಜ್ಞೆ ಹೆಚ್ಚು. ಅವರು ಪೊಲೀಸ್ ಠಾಣೆಗೆ ಹೋಗಿ ದೂರು ಕೊಟ್ಟರು. ಮಾರನೆಯ ದಿನ ದೊಡ್ಡ ಮೀಸೆಯ ದಫೇದಾರರೊಬ್ಬರು ಬಂದು ಶೆಡ್ಡಿನ ನಡುವೆ ಕಾಲಗಲಿಸಿ ನಿಂತರು.

"ಎಷ್ಟು ಪಿಸ್ಟನ್ ಹೋಗಿವೆ?"

"ಒಂದೂ ಹೋಗಿಲ್ಲ" ಎಂದರು ಭಾವ.

"ಹಾಗಾದ್ರೆ ತೋರ್ಸಿ."

"ಇಲ್ಲ."

"ಇಲ್ಲ ಅಂದ್ಮೇಲೆ ಹೋಗಿವೆ ಅಂತ ತಾನೆ?"

"ಮೊದಲೂ ಇರ್ಲಿಲ್ಲ ಸಾರ್."

"ಮೊದಲೇ ಇರ್ಲಿಲ್ವಾ!" ದಫೇದಾರರ ಮೀಸೆ ನೆಟ್ಟಗಾಯಿತು. "ಅಂದ್ರೆ ನೀವು ಕೊಳ್ಳೋ ಮುಂಚೇನೇ ಕಳವಾಗಿದೆ. ಯಾರ್ರೀ ಅದು ಕಾರು ಮಾರಿದ್ದು?"

ಭಾವ ಒಳಗೆ ಓಡಿಹೋಗಿ, ಅಕ್ಕ ಬಟ್ಟೆಯ ಮೇಲೆ ಗೀಟು ಹಾಕುವ ಸೀಮೆಸುಣ್ಣದ ಬಿಲ್ಲೆಯನ್ನೂ ಬಚ್ಚಲಿನ ಸೋಪಿನ ಡಬ್ಬಿಯನ್ನೂ ತಂದರು. ಆ ಬಿಲ್ಲೆ ತ್ರಿಕೋನದ್ದು, ಬಳಸಿ ಬಳಸಿ ಅಂಚು ಉಬ್ಬಿತ್ತು. ಅದನ್ನು ಡಬ್ಬಿಯೊಳಗೆ ಹಾಕಿ ಬೆರಳಿನಿಂದ ಸುತ್ತಿಸಿ ತೋರಿಸಿದರು.

"ನೋಡಿ ಸಾರ್, ಹೀಗೆ. ಇಲ್ಲಿ ಗಾಳಿ, ಪೆಟ್ರೋಲು ಒಳಗೆ ಬರತ್ತೆ. ಇಲ್ಲಿ ಒತ್ತಾಗತ್ತೆ. ಇಲ್ಲಿ ಕಿಡಿ. ಇಲ್ಲಿ ಹೊಗೆ ಹೊರಗೆ."

ದಫೇದಾರರು ಬಹಳ ಹೊತ್ತು ನೋಡಿದರು. "ಅಂದ್ರೆ, ಪಿಸ್ಟನ್ ತೆಗೆದು ಅದರ ಬದಲು ಸೀಮೆಸುಣ್ಣ ಇಟ್ಟಿದಾರೆ" ಎಂದು ತೀರ್ಮಾನಿಸಿ, ಬಿಲ್ಲೆಯನ್ನು ಸಾಕ್ಷ್ಯವೆಂದು ಕಾಗದದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡರು. ಸೋಪಿನ ಡಬ್ಬಿಯನ್ನು ಮುಟ್ಟಬಾರದೆಂದು ಆಜ್ಞೆ ಮಾಡಿದರು.

"ಸ್ಟಾರ್ಟ್ ಮಾಡಿ ತೋರಿಸ್ತೀನಿ ಇರಿ ಸಾರ್!" ಎಂದು ಭಾವ ಕಾರಿಗೆ ಇಳಿದರು. ದಫೇದಾರರು ತನಿಖೆಯ ಉತ್ಸಾಹದಲ್ಲಿ ಕಾರಿನ ಹಿಂದೆ ಕುಕ್ಕರುಗಾಲಿನಲ್ಲಿ ಕೂತು ಹೊಗೆ ಕೊಳವೆಯೊಳಗೆ ಬಗ್ಗಿ ನೋಡುತ್ತಿದ್ದುದು ಅವರಿಗೆ ಕಾಣಲಿಲ್ಲ. ಒಳಗೆ ಅಷ್ಟು ದಿನದಿಂದ ಕೂಡಿದ್ದ ಪೆಟ್ರೋಲೆಲ್ಲ ಒಂದೇ ಉಸಿರಿಗೆ ಹತ್ತಿಕೊಂಡು ಕೊಳವೆಯಿಂದ "ಢಂ!" ಎಂದು ಹೊರಬಂತು. ಅಲ್ಲಿಗೆ ಇಂಜಿನ್ನೂ ಆರಿತು. ಹೊಗೆ ತಿಳಿಯಾದಾಗ ದಫೇದಾರರು ಕೂತಲ್ಲೇ ಇದ್ದರು. ಮುಖ ಕಪ್ಪಗೆ, ಟೋಪಿ ಬೇಲಿಯ ಆಚೆ. ಮೀಸೆ ಎಲ್ಲಿ ಮುಗಿಯುತ್ತದೆ, ಮುಖ ಎಲ್ಲಿ ಶುರುವಾಗುತ್ತದೆ ಎಂದು ಹೇಳುವಂತಿರಲಿಲ್ಲ.

"ಭಾನುವಾರ," ಎಂದರು ದಫೇದಾರರು ಬಹಳ ಶಾಂತವಾಗಿ, "ಮಾರಿದವನನ್ನ ಇಲ್ಲಿಗೇ ಕರ್ಕೊಂಡು ಬರ್ತೀನಿ."

ಅಕ್ಕ ಆ ಸಂಜೆ ಹೊಲಿಗೆಗೆ ಕೂತಾಗ ಸೀಮೆಸುಣ್ಣ ಇರಲಿಲ್ಲ. ಅದು ಪೊಲೀಸ್ ಠಾಣೆಯಲ್ಲಿದೆ ಎಂದು ನಾನೇ ಹೇಳಬೇಕಾಯಿತು. ಅವಳು ಬಟ್ಟೆಯನ್ನು ಮಡಿಸಿ ಬದಿಗಿಟ್ಟು, ಕಿಟಕಿಯಿಂದ ಶೆಡ್ಡಿನ ಕಡೆ ನೋಡುತ್ತ ಕೂತಳು. ನನಗೆ ಅವಳ ಬೈಗುಳ ಕೇಳಿ ಅಭ್ಯಾಸ. ಅವಳು ಹೊಲಿಗೆ ಬಿಟ್ಟು ಕೂತದ್ದು ಮಾತ್ರ ನಿಜವಾಗಿ ಹೆದರಿಸಿತು.

ಭಾನುವಾರ ಬೆಳಗಾಯಿತು. ಗುಜರಿಯವನು ಸಣ್ಣ ಲಾರಿಯೊಂದಿಗೆ, ದಪ್ಪ ಹಗ್ಗದೊಂದಿಗೆ ಬಂದು ಗೇಟಿನ ಮುಂದೆ ನಿಂತ. ಹೆಡ್‌ಮಾಸ್ತರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ತೀರ್ಪುಗಾರರಾಗಿ ಬಂದರು. ಇಸ್ತ್ರಿಯವನು ಸುಮ್ಮನೆ ಬಂದ. ಭಾವ ಹೊಸ ಪ್ಲಗ್ಗು, ಹೊಸ ವೈರು, ಹೊಸ ಕಾಯಿಲ್ ಎಲ್ಲ ಹಾಕಿ ಕೊನೆಯ ಪರೀಕ್ಷೆಗೆ ಇಳಿದರು.

ಕೀ ತಿರುಗಿಸಿದರು. ಆಶ್ಚರ್ಯ! ಒಣ ಪ್ಲಗ್ಗುಗಳ ಪುಣ್ಯದಿಂದ ಕಾರು ಗುರ್ರೆಂದು ಎದ್ದಿತು. ಸ್ವಲ್ಪ ಕುಂಟಿತು, ಆದರೂ ಎದ್ದಿತು. ನಾನು ಚಪ್ಪಾಳೆ ತಟ್ಟಿದೆ. ಹೊರಗೆ ತರಬೇಕಾದದ್ದಷ್ಟೇ ಬಾಕಿ. ಭಾವ ಏನು ಮಾಡಿದರು? ಇಂಜಿನ್ ಆರಿಸಿ ಕಿಟಕಿಯಿಂದ ತಲೆ ಹೊರಗೆ ಹಾಕಿದರು.

"ನಿನ್ನೆಗಿಂತ ಚೆನ್ನಾಗಿದೆಯೋ, ನಿನ್ನೇದೇ ಚೆನ್ನಾಗಿತ್ತೋ?"

"ಆರಿಸಿದ್ಯಾಕ್ರೀ!" ಎಂದು ಇಡೀ ಬೀದಿ ಒಂದೇ ದನಿಯಲ್ಲಿ ಕೂಗಿತು.

ಭಾವ ಗಾಬರಿಯಾಗಿ ಮತ್ತೆ ಸ್ಟಾರ್ಟ್ ಮಾಡಿದರು, ಎದ್ದಿತು. ಗಾಬರಿಯಲ್ಲೇ ಮತ್ತೆ ಆರಿಸಿದರು. ಮೂರನೆಯ ಸಲ ಕುಯ್ಯೋ ಎಂದಿತು. ನಾಲ್ಕನೆಯ ಸಲ ಅದೂ ಕ್ಷೀಣವಾಯಿತು.

"ಸೊನ್ನೆ" ಎಂದರು ಹೆಡ್‌ಮಾಸ್ತರು.

ಆಗ ಅಕ್ಕ ಸೆರಗು ಸೊಂಟಕ್ಕೆ ಬಿಗಿದು ಶೆಡ್ಡಿನೊಳಗೆ ಬಂದಳು. "ಏಳ್ರೀ ಮೇಲೆ!" ಎಂದಳು. ಭಾವ ಏಳುವುದಕ್ಕೂ ಮುಂಚೆ ಅವರ ತೋಳು ಹಿಡಿದು ಬಾವಿಯಿಂದ ಕೊಡ ಎಳೆದಂತೆ ಹೊರಗೆಳೆದಳು. "ಲಾಡ್ಜಿನವರು ಬರೋ ಹೊತ್ತಾಯ್ತು. ನನ್ನ ಕೆಲಸ ಹೋಗ್ತಾ ಇದೆ, ಇವರು ಇಲ್ಲಿ ಇದೋ ಅದೋ ಅಂತ ಕೇಳ್ತಾ ಕೂತಿದಾರೆ! ಹಗ್ಗನೂ ಬೇಡ, ಗಿಗ್ಗನೂ ಬೇಡ. ಗುಜರಿಗೆ ನಾನೇ ಬಿಟ್ಟು ಬರ್ತೀನಿ!"

ಅಕ್ಕ ಕಾರು ಕಲಿತದ್ದು ನಮ್ಮಪ್ಪನ ಮುದಿ ವ್ಯಾನಿನಲ್ಲಿ. ಪೆಡಲನ್ನು ನೆಲಕ್ಕೆ ತುಳಿದು, ಬಾಯಿಗೆ ಬಂದಂತೆ ಬೈಯದ ಹೊರತು ಅದು ಏಳುತ್ತಿರಲಿಲ್ಲ. ಇಲ್ಲೂ ಅದನ್ನೇ ಮಾಡಿದಳು. ಪೆಡಲನ್ನು ಪೂರ್ತಿ ಒತ್ತಿ ಹಿಡಿದು, ಕೀ ತಿರುಗಿಸಿ, ಬಿಡಲೇ ಇಲ್ಲ.

"ಬಿಡೇ, ಬ್ಯಾಟರಿ ಹೋಗತ್ತೆ!" ಎಂದು ಭಾವ ಕೂಗಿದರು.

"ಹೋಗ್ಲಿ!" ಎಂದಳು. ಕಾರು ಕುಯ್ಗುಟ್ಟಿತು, ಕೆಮ್ಮಿತು, ಢಂ ಎಂದಿತು. ಶೆಡ್ಡಿನ ತುಂಬ ಬಿಳಿ ಹೊಗೆ. ಆ ಹೊಗೆಯೊಳಗಿಂದ ಹಿಂದೆಂದೂ ಕೇಳದಂಥ ಅಬ್ಬರವೊಂದು ಎದ್ದು, ನಾವೆಲ್ಲ ಗೋಡೆಗೆ ಅಂಟಿಕೊಂಡೆವು. ಹಳದಿ ಬಣ್ಣದ ಏನೋ ಒಂದು ನಮ್ಮ ಮುಂದೆ ಹಾಯ್ದು, ಗೇಟು ದಾಟಿ, ತಿರುವಿನಲ್ಲಿ ಮಾಯವಾಯಿತು. ಗುಜರಿಯವನು ಹಗ್ಗ ಹಿಡಿದುಕೊಂಡೇ ನಿಂತಿದ್ದ.

ಹೊಗೆ ಇಳಿಯುವಾಗ ಲಾಡ್ಜಿನ ಯಜಮಾನರು ಬಂದರು. ಅಕ್ಕ ಇಲ್ಲ. ಅವಳ ಪರವಾಗಿ ಮಾತಾಡಬೇಕಾದವರು ಭಾವ. ಆ ಖಾಲಿ ಶೆಡ್ಡಿನ ನಡುವೆ, ಎಣ್ಣೆಯ ಕಲೆಯನ್ನು ನೋಡುತ್ತ, ಮನೆಯಿಂದ ಯಾರನ್ನೋ ಕಳಿಸಿಕೊಟ್ಟವರ ಮುಖ ಹೊತ್ತು ನಿಂತರು.

"ಜಾಗ ವಿಶಾಲವಾಗಿದೆ" ಎಂದರು ಯಜಮಾನರು.

"ಹೂಂ. ತುಂಬಾ ಖಾಲಿ" ಎಂದರು ಭಾವ. ಆಮೇಲೆ ಒಂದು ಉಸಿರೆಳೆದುಕೊಂಡು, "ಇಲ್ಲಿ ಉದ್ದದ ಮೇಜು ಬರತ್ತೆ ಸಾರ್. ಅಲ್ಲಿ ಕಿಟಕಿ ಪಕ್ಕ ಮಿಷನ್ನು, ಬೆಳಕು ಎಡಗಡೆಯಿಂದ ಬೀಳ್ಬೇಕು, ಇಲ್ದಿದ್ರೆ ಅವಳ ಕಣ್ಣಿಗೆ ಶ್ರಮ ಆಗತ್ತೆ. ಅವಳ ಹಾಗೆ ನೇರವಾಗಿ ಕತ್ತರಿಸೋರು ಈ ಊರಲ್ಲಿಲ್ಲ. ಹಾಸಿಗೆ ಹೊದಿಕೆ ಕೂಡ ನೇರವಾಗಿಯೇ ಕತ್ತರಿಸಿದ್ಲು" ಎಂದರು. ಅಕ್ಕನ ಲೆಕ್ಕಾಚಾರವೆಲ್ಲ ಅವರಿಗೆ ಗೊತ್ತಿತ್ತೆಂದು ನನಗೆ ಆವರೆಗೆ ಗೊತ್ತಿರಲಿಲ್ಲ. ಯಜಮಾನರು ಅಲ್ಲೇ ಒಪ್ಪಿಕೊಂಡರು.

ಅಷ್ಟರಲ್ಲಿ ದಫೇದಾರರು ಪೈಲಟ್ ಮುದುಕರನ್ನು ಕರೆತಂದರು. ಮುದುಕರು ಸೋಡಾಗಾಜಿನ ಕನ್ನಡಕದ ಮೂಲಕ ಖಾಲಿ ಶೆಡ್ಡನ್ನು ನೋಡಿ, "ಎಷ್ಟು ಚೆನ್ನಾಗಿ ಇಟ್ಟುಕೊಂಡಿದೀರಿ ಕಾರನ್ನ" ಎಂದರು.

"ನಿಜ ಹೇಳಿ" ಎಂದರು ದಫೇದಾರರು. "ನೀವು ಮಾರಿದಾಗ ಕಾರಿನಲ್ಲಿ ಪಿಸ್ಟನ್ ಇತ್ತಾ, ಇಲ್ವಾ?"

"ಇರ್ಲಿಲ್ಲ."

"ಒಪ್ಕೊಂಡ್ರು!"

"ಅದಕ್ಕೆ ಪಿಸ್ಟನ್ ಇರಲ್ಲ ಕಣಪ್ಪ. ತ್ರಿಕೋನ" ಎಂದರು ಮುದುಕರು. ದಫೇದಾರರು ಜೇಬಿನಿಂದ ಸೀಮೆಸುಣ್ಣ ತೆಗೆದು ನೋಡಿ, ಯಾರಿಗೂ ಕಾಣದ ಹಾಗೆ ಮೆಲ್ಲಗೆ ನನ್ನ ಕೈಗೆ ತುರುಕಿದರು.

ಕಾರಿನ ಕಾಯಿಲೆಯ ಕಥೆಯನ್ನು ಭಾವ ಮುದುಕರಿಗೆ ಒಪ್ಪಿಸಿದರು. ಮುದುಕರು ಕಣ್ಣು ಮುಚ್ಚಿ ಕೇಳಿದರು.

"ಪ್ಲಗ್ಗು ಒದ್ದೆಯಾಗಿತ್ತಾ?"

"ಪ್ರತಿ ಸಲಾನೂ ಸಾರ್."

"ದಿನಾ ಎಷ್ಟು ದೂರ ಓಡಿಸ್ತಿದ್ರಿ?"

ಭಾವ ಶೆಡ್ಡಿನ ತಗಡಿನ ಮಾಡನ್ನು ಪರೀಕ್ಷಿಸತೊಡಗಿದರು. "ಗೇಟು ದಾಟಿದ್ದು ನಾನಂತೂ ಕಂಡಿಲ್ಲ ಸ್ವಾಮಿ. ಸ್ಟಾರ್ಟ್ ಮಾಡೋದು, ಆರ್ಸೋದು, ಅಷ್ಟೇಯ" ಎಂದ ಇಸ್ತ್ರಿಯವನು.

ಮುದುಕರು ಹ್ಹಹ್ಹಹ್ಹ ಎಂದು ನಗಲು ಶುರುಮಾಡಿದವರು ಕೆಮ್ಮು ಬಂದ ಮೇಲೆಯೇ ನಿಲ್ಲಿಸಿದ್ದು. "ಅಲ್ರೀ, ತಣ್ಣಗಿರೋವಾಗ ಈ ಇಂಜಿನ್ನು ಪೆಟ್ರೋಲು ಜಾಸ್ತಿ ಕುಡಿಯತ್ತೆ. ಕಾಯೋದಕ್ಕೆ ಮುಂಚೆ ಆರಿಸಿದ್ರೆ ಅಷ್ಟೂ ಒಳಗೇ ಉಳಿದು ಪ್ಲಗ್ಗು ನೆನೆಯತ್ತೆ. ಒಂದು ಸಲ ಸ್ಟಾರ್ಟ್ ಮಾಡಿದ್ರೆ ಚೆನ್ನಾಗಿ ಬಿಸಿಯಾಗೋವರೆಗೆ ಓಡಿಸ್ಲೇಬೇಕು. ನಿಮ್ಮ ಕಿಡಿಗೆ ಏನೂ ಆಗಿಲ್ಲ. ನೀವು ಪರೀಕ್ಷೆ ಮಾಡಿದ್ದೇ ಕಾಯಿಲೆ. ಆ ಹೆಣ್ಣುಮಗಳು ಪೆಡಲು ಪೂರ್ತಿ ತುಳಿದ್ಲಲ್ಲ, ಹಾಗೆ ತುಳಿದ್ರೆ ಪೆಟ್ರೋಲು ನಿಂತು ಬರೀ ಗಾಳಿ ಹೋಗತ್ತೆ. ಒಳಗೆಲ್ಲ ಒಣಗತ್ತೆ." ಇದ್ದಕ್ಕಿದ್ದಂತೆ ಅವರು ಕೈ ಮೇಲೆತ್ತಿದರು. "ಶ್! ಬರ್ತಾ ಇದೆ."

ನಮಗೆ ಯಾರಿಗೂ ಏನೂ ಕೇಳಿಸಲಿಲ್ಲ. ಬಹಳ ಹೊತ್ತಿನ ಮೇಲೆ ದೂರದಲ್ಲಿ ಜೇನು ಎದ್ದಂಥ ಸದ್ದು ಕೇಳಿತು. ಮುಗ್ಗರಿಕೆಯಿಲ್ಲ, ಕೆಮ್ಮಿಲ್ಲ. ಹಳದಿ ಕಾರು ತಿರುವಿನಲ್ಲಿ ಕಾಣಿಸಿಕೊಂಡು, ಗೇಟಿನ ಮುಂದೆ ಬಂದು ನಿಂತು, ಮೆಲ್ಲಗೆ ಗುನುಗತೊಡಗಿತು. ಅಕ್ಕನ ತುರುಬು ಬಿಚ್ಚಿಹೋಗಿತ್ತು. ಮದುವೆಯಾದ ಮೇಲೆ ಅವಳ ಮುಖ ಅಷ್ಟು ಕೆಂಪಗಿದ್ದುದನ್ನು ನಾನು ನೋಡಿರಲಿಲ್ಲ.

"ಗುಜರಿ ಅಂಗಡಿ ದಾಟಿ ಹೋಗ್ಬಿಟ್ಟೆ" ಎಂದಳು. "ನಿಲ್ಲಿಸೋಕೇ ಮನಸ್ಸು ಬರ್ಲಿಲ್ಲ. ಹೊಳೆ ದಾಟಿ ಆ ದಿಬ್ಬದ ಹತ್ರ ಏನೋ ಒಂದು ಬೆನ್ನಿಗೆ ಹಿಡಿದು ತಳ್ಳಿದ ಹಾಗಾಯ್ತು ನೋಡು, ಅಯ್ಯಪ್ಪ!"

"ಅಮ್ಮಾ, ಮತ್ತೆ ಕಾರು?" ಎಂದ ಗುಜರಿಯವನು.

"ಯಾವ ಕಾರು?" ಎಂದಳು ಅಕ್ಕ.

ಹೆಡ್‌ಮಾಸ್ತರು ಗಂಟಲು ಸರಿಮಾಡಿಕೊಂಡರು. "ಒಪ್ಪಂದ ಅಂದ್ರೆ ಒಪ್ಪಂದ. ಕಾರು ತಾನಾಗೇ ಸ್ಟಾರ್ಟ್ ಆಗಿ ಹೊರಗೆ ಬಂತು. ನಾನು ಸಾಕ್ಷಿ. ಆದ್ದರಿಂದ ಶೆಡ್ಡು ಕಾರಿಗೆ."

ಅಕ್ಕನ ಮುಖದ ಕೆಂಪು ಇಳಿಯಿತು. ಲಾಡ್ಜಿನ ಯಜಮಾನರು ಒಪ್ಪಿದ್ದು ಅವಳಿಗೆ ಆಗಲೇ ತಿಳಿದಿತ್ತು, ಗೇಟಿನಲ್ಲೇ ಹೇಳಿದ್ದರು. ಅವಳು ತನ್ನ ಕಾಲಿನಿಂದಲೇ ತುಳಿದು ತನ್ನ ಶೆಡ್ಡನ್ನು ಕಳೆದುಕೊಂಡಿದ್ದಳು. ಕೊಟ್ಟ ಮಾತಿಗೆ ತಪ್ಪುವವಳಲ್ಲ ನಮ್ಮಕ್ಕ. ಯಜಮಾನರ ಕಡೆ ತಿರುಗಿ ಏನೋ ಹೇಳಲು ಬಾಯಿ ತೆರೆದಳು.

"ಬೇಡ ಕಣೇ" ಎಂದರು ಭಾವ. "ಶೆಡ್ಡು ನಿಂದು. ಕಾರು ಗುಜರಿಯವನೇ ತಗೊಂಡು ಹೋಗ್ಲಿ."

"ಯಾಕ್ರೀ? ಈಗ ಸರಿಯಾಗಿದೆಯಲ್ಲ!"

"ಅದಕ್ಕೇ."

ಭಾವ ಕನ್ನಡಕ ತೆಗೆದು, ಅಂಗಿಯ ತುದಿಯಿಂದ ಒರೆಸಿ, ಮತ್ತೆ ಹಾಕಿಕೊಂಡರು.

"ಕೆಟ್ಟಿರೋವರೆಗೆ ಪರವಾಗಿರ್ಲಿಲ್ಲ" ಎಂದರು. "ಸರಿಯಾದ್ಮೇಲೆ ಓಡಿಸ್ಬೇಕಲ್ಲ. ಅದು ತುಂಬಾ ಜೋರಾಗಿ ಹೋಗತ್ತಂತೆ. ನನಗೆ ಭಯ ಆಗತ್ತೆ."

ಯಾರೂ ನಗಲಿಲ್ಲ. ದಫೇದಾರರು ಕೂಡ ಟೋಪಿ ಸರಿಮಾಡಿಕೊಂಡು ಬೇರೆ ಕಡೆ ನೋಡಿದರು. ಇಷ್ಟು ದಿನ ಭಾವನನ್ನು ಒಳಗೊಳಗೇ ಆಡಿಕೊಂಡಿದ್ದ ನಾನು ಕೈಯಲ್ಲಿದ್ದ ಸೀಮೆಸುಣ್ಣವನ್ನು ನೋಡತೊಡಗಿದೆ. ಅಕ್ಕ ಅವರನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಕಾರಿನ ಆ ಬದಿಯ ಬಾಗಿಲನ್ನು ಒಳಗಿನಿಂದ ತೆರೆದಳು.

"ಕೂತ್ಕೊಳ್ಳಿ."

"ನಾನಾ?"

"ಇದು ಶೆಡ್ಡಲ್ಲಿ ಇರ್ಬಾರ್ದಂತೆ, ದಿನಾ ಓಡ್ಬೇಕಂತೆ ತಾನೆ? ಗೇಟಿನ ಹೊರಗೆ ಇರ್ಲಿ. ನನಗೂ ಬಟ್ಟೆ ತರೋದು, ಪರದೆ ಕೊಟ್ಟು ಬರೋದು ಇರತ್ತೆ. ನಾನು ಓಡಿಸ್ತೀನಿ. ನೀವು ಪಕ್ಕದಲ್ಲಿ ಕೂತು ಭಯ ಪಡಿ. ಇಬ್ರಿಗೂ ಕೆಲಸ ಆಯ್ತಲ್ಲ."

ಹೆಡ್‌ಮಾಸ್ತರು ಇದು ಒಪ್ಪಂದದ ಯಾವ ಷರತ್ತಿಗೆ ಸೇರುತ್ತದೆಂದು ಯೋಚಿಸುತ್ತಿರುವಾಗಲೇ ಭಾವ ಒಂದು ಕಾಲು ಒಳಗಿಟ್ಟು, ಇನ್ನೊಂದು ಕಾಲು ಇಡಲೋ ಬೇಡವೋ ಎಂದು ಅನುಮಾನಿಸಿ, ಕೊನೆಗೆ ಇಟ್ಟರು. ಬಾಗಿಲು ಮುಚ್ಚಿತು. ಕಾರು ಸಭ್ಯವಾಗಿ ಬೀದಿಯ ತುದಿಯವರೆಗೆ ಹೋಗಿ ತಿರುವಿನಲ್ಲಿ ಮರೆಯಾಯಿತು. ಮರುಕ್ಷಣವೇ ಆಚೆಯಿಂದ ಉದ್ದನೆಯ, ಏರುತ್ತ ಏರುತ್ತ ಹೋಗುವ ಸಿಳ್ಳಿನಂಥ ಸದ್ದೊಂದು ಕೇಳಿಬಂತು.

"ಆಹಾ, ಟರ್ಬೋ!" ಎಂದರು ಹೆಡ್‌ಮಾಸ್ತರು. "ನೂರಕ್ಕೆ ನೂರು!"

ಪೈಲಟ್ ಮುದುಕರು ತಲೆ ಓರೆಮಾಡಿ, ಗಮನವಿಟ್ಟು ಆಲಿಸಿದರು.

"ಇಲ್ಲ," ಎಂದರು. "ಅದು ಕಾರಿನ ಸದ್ದಲ್ಲ."